ಅತ್ತೆಯ ಪದಚ್ಯುತಿ ಮತ್ತು ಪುನಃಪಟ್ಟಾಭಿಷೇಕ

ಕೊಟ್ಟ ಮಾತಿಗೆ ತಪ್ಪದವನು. ಪರರ ಸ್ವತ್ತಿನತ್ತ ಕಣ್ಣೆತ್ತದವನು. ತಾನು ಕುಡಿದ ಚಹಾದ ಬಟ್ಟಲನ್ನು ತಾನೇ ತೊಳೆದು ಕವುಚಿಡುವವನು. ಹಳದಿ ಮುಚ್ಚಳದ ಕಸದ ತೊಟ್ಟಿಯನ್ನು ಯಾವ ವಾರ, ಕೆಂಪು ಮುಚ್ಚಳದ್ದನ್ನು ಯಾವ ವಾರ ಬೀದಿಗಿಡಬೇಕೆಂಬ ಶಾಸ್ತ್ರದಲ್ಲಿ ಇಡೀ ಕೇರಿಗೆ ಪ್ರಮಾಣಪುರುಷನು. ಶಾಲೆಯ ಬಸ್ಸನ್ನು ನಡೆಸುವಾಗ ಅಡ್ಡ ಬಂದ ವೊಂಬ್ಯಾಟ್ ಎಂಬ ಗಿಡ್ಡ ಕಾಡುಪ್ರಾಣಿಗೂ ದಾರಿ ಬಿಟ್ಟು ನಿಲ್ಲುವವನು. ಅಸತ್ಯವನ್ನು ಎಲ್ಲಿ ಕಂಡರೂ, ಅದು ತನಗೆ ಸಂಬಂಧಿಸದಿದ್ದರೂ, ತಿದ್ದದೆ ಮಲಗಲಾರದವನು. ಇಷ್ಟೆಲ್ಲ ಸದ್ಗುಣಗಳಿಗೆ ಆಗರನಾಗಿಯೂ ಅತ್ತೆಯ ಕಾರು ಅಂಗಳಕ್ಕೆ ಬಂದ ಸದ್ದು ಕೇಳಿದೊಡನೆ ತನಗರಿವಿಲ್ಲದೆ ಬಾಯನ್ನು ಬಿಗಿಯಾಗಿ ಮುಚ್ಚಿಕೊಳ್ಳುವವನು. ಇಂತಪ್ಪ ಮಹಾನುಭಾವನೊಬ್ಬನು ಟಾಸ್ಮೇನಿಯಾ ದ್ವೀಪದ ಬಡಗಣ ಕಡಲಂಚಿನ ಸ್ಟ್ಯಾನ್ಲಿ ಎಂಬ ಊರಿನಲ್ಲಿ ಬಾಳುತ್ತಿದ್ದನು. ಹೆಸರು ನೆವಿಲ್ ಹಾರ್ಡ್‌ವಿಕ್.

ಬಾಯಿ ಮುಚ್ಚಿಕೊಳ್ಳುವುದಕ್ಕೆ ಕಾರಣವಿತ್ತು. ಅವನ ಅತ್ತೆ ಮರ್ಲ್ ಫ್ಯಾಗನ್ ತಮ್ಮ ಉದ್ಯೋಗಕಾಲದುದ್ದಕ್ಕೂ ಶಾಲೆಯ ಮಕ್ಕಳ ಹುಳುಕುಹಲ್ಲು ಕೊರೆಯುವ ದಾದಿಯಾಗಿದ್ದವರು. ಬಾಲ್ಯದಲ್ಲಿ ನೆವಿಲನ ದವಡೆಹಲ್ಲನ್ನು ಕೊರೆದದ್ದು ಅವರೇ. ಆ ಕೊರೆಯುವ ಯಂತ್ರದ ಝೇಂಕಾರವನ್ನು ಕೇಳಿ ಬೆಳೆದ ಊರಿನ ಅರ್ಧ ಜನ ಇಂದಿಗೂ ಅಂಗಡಿಯಲ್ಲಿ ಅವರು ಎದುರಾದರೆ ತುಟಿಗಳನ್ನು ಒಳಗೆಳೆದುಕೊಂಡೇ ನಮಸ್ಕರಿಸುತ್ತಾರೆ. ನೆವಿಲನಾದರೋ ಆ ದಾದಿಯ ಮಗಳನ್ನೇ ಮದುವೆಯಾದ ಸಾಹಸಿ. (ಪ್ರೇಮ ಕುರುಡೆಂದು ಹೇಳುವುದುಂಟು, ಹಲ್ಲುನೋವನ್ನೂ ಮರೆಸುತ್ತದೆಂದು ಅವನು ಅಂದು ನಂಬಿದ್ದನು.)

ಬಸ್ಸಿನ ಕೆಲಸ ಮುಗಿದ ಬಳಿಕ ಅವನು ಕೈಗೊಂಡಿದ್ದ ವ್ರತವೊಂದಿತ್ತು. ಕಥೆ, ಸಿನಿಮಾ, ಧಾರಾವಾಹಿಗಳ ಪಾತ್ರಗಳನ್ನು ಗುಣಕ್ಕನುಸಾರವಾಗಿ ವಿಂಗಡಿಸಿಡುವ ವಿಕಿ ಜಾಲತಾಣವೊಂದುಂಟು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಅದರಲ್ಲಿ 'ತಂಡದ ಐವರು' ಎಂಬುದು ಬಹು ಜನಪ್ರಿಯವಾದ ಪಾತ್ರದಚ್ಚು: ಮುಂದೆ ನಡೆಸುವ ನಾಯಕ, ನಾಯಕನಿಗೆ ಎದುರು ಹೇಳುತ್ತಲೇ ಜೊತೆಗಿರುವ ಬಲಗೈ, ಬುದ್ಧಿವಂತ, ಬಲಶಾಲಿ, ಎಲ್ಲರನ್ನೂ ಒಂದಾಗಿ ಹಿಡಿದಿಡುವ ಹೃದಯ. ಬೇಕಿದ್ದರೆ ಜೊತೆಗೊಂದು ಸಾಕುಪ್ರಾಣಿ. ಆದರೆ ಲೋಕದ ಅವಿವೇಕಕ್ಕೆ ಎಣೆಯುಂಟೆ? ಐದು ಎಂಬ ಸಂಖ್ಯೆ ಕಂಡಲ್ಲೆಲ್ಲ ಜನ ಈ ಅಚ್ಚನ್ನು ಒತ್ತಿಬಿಡುತ್ತಿದ್ದರು. ಅಡುಗೆ ಸ್ಪರ್ಧೆಯ ತೀರ್ಪುಗಾರರಿಗೆ ಒತ್ತಿದರು. ಒಬ್ಬರನ್ನೊಬ್ಬರು ಕಂಡೇ ಇರದ ಕೊಲೆಗಾರರಿಗೆ ಒತ್ತಿದರು. ಜಾಹೀರಾತೊಂದರಲ್ಲಿ ಕುಣಿಯುವ ಸಾಸೇಜುಗಳಿಗೂ ಒತ್ತಿ, ಕರಿದದ್ದು ಹೆಚ್ಚಾಗಿದ್ದ ಸಾಸೇಜನ್ನು 'ಬಲಗೈ' ಎಂದು ಬರೆದರು. ಈ ಕಳೆಯನ್ನು ಕೀಳಲು ಹುಟ್ಟಿದ ಶುದ್ಧೀಕರಣ ಬಳಗದಲ್ಲಿ ನೆವಿಲನು 'ಒದ್ದೆಬೂಟು' ಎಂಬ ಅಂಕಿತನಾಮದಿಂದ ಸೇವೆ ಸಲ್ಲಿಸುತ್ತಿದ್ದನು.

ಆ ಬಳಗದ ಕಟ್ಟಳೆಗಳು ಕಠಿಣವಾದವು. ಕಾರಣ ಬರೆಯದೆ ಯಾವುದನ್ನೂ ಅಳಿಸಕೂಡದು. ಬರೆದ ಕಾರಣ ಪುಟದ ನೆತ್ತಿಯ ಮೇಲೆ ಎಲ್ಲರಿಗೂ ಕಾಣುವಂತೆ ಮೂಡುತ್ತದೆ. ಬಳಗ ಅಳಿಸಿದ್ದನ್ನು ಬಳಗದ ಒಪ್ಪಿಗೆಯಿಲ್ಲದೆ ಮರಳಿ ಹಾಕಕೂಡದು. ಒಪ್ಪಿ ಹಾಕಿದ್ದನ್ನು ಕೇಳದೆ ಮರಳಿ ಅಳಿಸಕೂಡದು. ಮೀರಿದವನಿಗೆ ಬಹಿಷ್ಕಾರ. ನೆವಿಲನ ಕೀರ್ತಿಯೆಲ್ಲ ನಿಂತಿದ್ದುದು ಅವನು ಬರೆಯುತ್ತಿದ್ದ ಕಾರಣಗಳ ಮೇಲೆ. ನ್ಯಾಯಾಧೀಶರೂ ನಾಚಬೇಕು, ಅಂಥ ತೀರ್ಪುಗಳು.

ಒಂದು ಭಾನುವಾರ ಮಧ್ಯಾಹ್ನ 'ಬಿರುಗಾಳಿ ಕೊಲ್ಲಿಯ ಐವರು' ಎಂಬ ಹಳೆಯ ಮಕ್ಕಳ ಧಾರಾವಾಹಿಯ ಪುಟ ಅವನ ಕಣ್ಣಿಗೆ ಬಿತ್ತು. ಇದೇ ಕರಾವಳಿಯಲ್ಲಿ ಎಂದೋ ತೆಗೆದದ್ದು. ಕಡಲಲ್ಲಿ ಸಿಕ್ಕಿಕೊಂಡವರನ್ನು ದೋಣಿಯಲ್ಲಿ ಹೋಗಿ ಕಾಪಾಡುವವರ ಕಥೆ. ಪುಟದಲ್ಲಿ ಹೀಗಿತ್ತು: 'ನಾಯಕಿ: ಅಡುಗೆಯ ಟಿಲ್ಲಿ. ಎಲ್ಲರೂ ಅವಳ ಮಾತು ಕೇಳುತ್ತಾರೆ.' ನೆವಿಲನ ರಕ್ತ ಕುದಿಯಿತು. ದೋಣಿಯ ಕ್ಯಾಪ್ಟನ್ ಡೋರಾ ಇರುವಾಗ, ದಡದಲ್ಲಿ ಚಹಾ ಕಾಸುವವಳು ನಾಯಕಿಯೆ? ಅಳಿಸಿದನು. ಬರೆದನು: 'ಅಲೆಗೆದುರಾಗಿ ದೋಣಿಯ ಚುಕ್ಕಾಣಿ ಹಿಡಿದವಳು ಡೋರಾ, ನಾಯಕತ್ವವೆಂಬುದು ಅವಳದೇ. ಟಿಲ್ಲಿಯು ಒಂದು ಕಂತಿನಲ್ಲಿಯೂ ದೋಣಿಯನ್ನೇ ಏರಿಲ್ಲ. ಚಹಾ ಕೊಡುವುದು ಪುಣ್ಯಕಾರ್ಯವೇ ಹೊರತು ನಾಯಕತ್ವವಲ್ಲ.'

ಆ ಹೊತ್ತಿಗೆ ಹೆಂಡತಿ ಜೋಸಿ ಕೈತುಂಬ ಚೀಲಗಳೊಡನೆ ಒಳಬಂದಳು.

"ನೆವ್, ಶನಿವಾರ ಅಮ್ಮನ ಹುಟ್ಟುಹಬ್ಬಕ್ಕೆ ಕೇಕ್ ಹೇಳಿ ಬಂದೆ. ದೋಣಿ ಥರಾನೇ ಇರತ್ತೆ, ಮೇಲೊಂದು ಕ್ಯಾಪ್ಟನ್ ಟೋಪಿ. 'ನಮ್ಮ ನಾಯಕಿ' ಅಂತ ಬರೆಸ್ತಿದೀನಿ!"

"ಯಾಕೆ?" ಎಂದನು ನೆವಿಲ್.

"ಯಾಕೆ ಅಂದ್ರೆ? ಅಮ್ಮ ಹುಡುಗಿಯಾಗಿದ್ದಾಗ ಆ್ಯಕ್ಟ್ ಮಾಡಿದ್ರಲ್ಲ, ಬಿರುಗಾಳಿ ಕೊಲ್ಲಿ, ಅಡುಗೆ ಟಿಲ್ಲಿ ಪಾರ್ಟು. ಯಾವುದೋ ವಿಕಿಯಲ್ಲಿ ಅವರನ್ನೇ ನಾಯಕಿ ಅಂತ ಹಾಕಿದಾರಂತೆ. ಒಂದ್ಸಲ ಊಟ ಮಾಡ್ತಾ ನಿಂಗೂ ಹೇಳಿದ್ರು. ನೀನು ಬಾಯಿ ಮುಚ್ಕೊಂಡು ಕೂತಿದ್ದೆ, ಯಾವಾಗ್ಲೂ ಹಾಗೇ."

ನೆವಿಲನಿಗೆ ನೆನಪಾಯಿತು. 'ವಿಕಿಯಲ್ಲಿ ನನ್ನನ್ನ ನಾಯಕಿ ಮಾಡಿದಾರೆ' ಎಂದು ಅತ್ತೆ ಕುರಿಮಾಂಸವನ್ನು ಕತ್ತರಿಸುತ್ತ ಹೇಳಿದ್ದರು. ಕತ್ತರಿಸಿದ ರಭಸವನ್ನು ಅವನು ಅಭಿಮಾನವೆಂದು ತಿಳಿದಿದ್ದನು. ಈಗ ಅವನ ಕಿವಿಯೊಳಗೆ ಆ ಹಳೆಯ ಯಂತ್ರ ಝೇಂಕರಿಸತೊಡಗಿತು.

"ಯಾಕೋ, ಸುಣ್ಣದ ಗೋಡೆ ಥರ ಆದೆ?"

"ಜೋಸಿ, ಆ ನಾಯಕಿಯನ್ನ... ಯಾರೋ ಅಳಿಸಿದಾರೆ."

"ಯಾವ ಮುಠ್ಠಾಳ ಅವನು?"

"ನಾನೇ."

ಜೋಸಿ ಚೀಲಗಳನ್ನು ಕೆಳಗಿಟ್ಟು, ಅವನು ಬರೆದಿದ್ದ ಕಾರಣವನ್ನು ಬಗ್ಗಿ ಓದಿದಳು. "ನೋಡು, ಅಮ್ಮ ಶನಿವಾರ ಎಲ್ಲರೆದುರು ಕೇಕ್ ಕಟ್ ಮಾಡ್ತಾರೆ. ಯಾರಾದ್ರೂ ಫೋನ್ ತೆಗೆದು ನೋಡಿದ್ರೆ? 'ಚಹಾ ಕೊಡೋಳು' ಅಂತ ಇರತ್ತೆ! ವಾಪಸ್ ಹಾಕು. ಇಲ್ಲ ಅಂದ್ರೆ ನೀನೇ ಹೋಗಿ ಹೇಳು, ಅವರೆದುರು ಬಾಯಿ ತೆಗೆದು."

ಬಾಯಿ ತೆಗೆಯುವುದಕ್ಕಿಂತ ಬರೆಯುವುದೇ ಲೇಸೆಂದು ಅವನು ಬಗೆದನು. ಅಂದಿನಿಂದ ಒದ್ದೆಬೂಟು ತಾನೇ ಕೊಟ್ಟ ತೀರ್ಪಿನ ಮೇಲೆ ತಾನೇ ಮೇಲ್ಮನವಿ ಹೂಡಿದನು. ಬಳಗದ ಹಿರಿಯರಾದ, ನ್ಯೂಜಿಲೆಂಡಿನಲ್ಲೆಲ್ಲೋ ಇದ್ದ 'ಉಪ್ಪುಗಾಳಿ' ಎಂಬವರು ಒಪ್ಪಲಿಲ್ಲ.

"ಅಲ್ಲ ಮಾರಾಯಾ," ಎಂದು ಅವರು ಬರೆದರು, "ಚಹಾ ಕೊಡುವುದು ಪುಣ್ಯಕಾರ್ಯ, ನಾಯಕತ್ವವಲ್ಲ ಅಂತ ನೀನೇ ಬರೆದೆಯಲ್ಲ! ಕಣ್ಣಲ್ಲಿ ನೀರು ಬಂತು ಓದಿ. ಅದನ್ನ ಹೊಸಬರಿಗೆ ಮಾದರಿ ಅಂತ ಎತ್ತಿಟ್ಟಿದೀನಿ."

ಆ ವಾರವೆಲ್ಲ ನೆವಿಲನ ಬಸ್ಸು ನಿಲ್ದಾಣಗಳನ್ನು ಮರೆತು ಮುಂದೆ ಹೋಗುತ್ತಿತ್ತು. ಕಡಲ ಮೇಲಿಂದ ಬೀಸುವ ಗಾಳಿ ಕಿಟಕಿಯ ಸಂದಿನಲ್ಲಿ ಸಿಳ್ಳೆ ಹಾಕಿದರೆ ಅವನು ದವಡೆಯನ್ನು ಹಿಡಿದುಕೊಳ್ಳುತ್ತಿದ್ದನು. ಭಯವು ಮನುಷ್ಯನಿಗೆ ಕಲಿಸದ ತರ್ಕಶಾಸ್ತ್ರವಿಲ್ಲ. ಕಡೆಗೆ ಅವನು ಹೊಸ ವಾದವನ್ನು ಹೊಸೆದನು: 'ಧಾರಾವಾಹಿಯಲ್ಲಿ ಟಿಲ್ಲಿಯ ಚಹಾ ಮುಗಿಯುವ ತನಕ ದೋಣಿ ಹೊರಡುವುದಿಲ್ಲ. ಕ್ಯಾಪ್ಟನ್ನೂ ಬಟ್ಟಲು ಹಿಡಿದು ಕಾಯುತ್ತಾಳೆ. ಯಾರು ಯಾರಿಗಾಗಿ ಕಾಯುತ್ತಾರೆಂಬುದನ್ನು ನೋಡಿ ನಾಯಕರಾರೆಂದು ತಿಳಿಯಬೇಕು.' ಇದೇ ವಾದವನ್ನು ಅವನು ಬಳಗದವರಿಗೆ ಬೇಸರ ಬರುವಷ್ಟು ಸಲ ಬರೆದನು.

ಶನಿವಾರ ಬೆಳಗ್ಗೆ ಉಪ್ಪುಗಾಳಿಯವರು ಸೋತರು: "ಸರಿ, ಹಾಕ್ಕೋ. ಇನ್ನು ಇದರ ತಂಟೆಗೆ ಬಂದೀಯ ಜೋಕೆ."

ಅಡುಗೆಯ ಟಿಲ್ಲಿಗೆ ಪುನಃಪಟ್ಟಾಭಿಷೇಕವಾಯಿತು. ನೆವಿಲನು ಆ ವಾರದಲ್ಲಿ ಮೊದಲ ಬಾರಿಗೆ ಬ್ರೆಡ್ಡಿಗೆ ವೆಜಿಮೈಟ್ ಎಂಬ ಕಪ್ಪು ಉಪ್ಪುಲೇಹ್ಯವನ್ನು ಸವರಿಕೊಂಡು ನೆಮ್ಮದಿಯಾಗಿ ತಿಂದನು.

ಮಧ್ಯಾಹ್ನ ಹಿತ್ತಿಲಿನಲ್ಲಿ ನೆಂಟರು ನೆರೆದರು. ನೆವಿಲನು ಒಲೆಯ ಮುಂದೆ ನಿಂತು ಸಾಸೇಜು ಹೊರಳಿಸುತ್ತಿರುವಾಗ ಮರ್ಲ್ ಬಂದು ಪಕ್ಕದಲ್ಲಿ ನಿಂತರು. ಅವನು ಬಾಯಿ ಮುಚ್ಚಿಕೊಂಡನು. ಆದರೆ ಆಶ್ಚರ್ಯ! ಅತ್ತೆಯ ಕಣ್ಣಂಚು ಒದ್ದೆಯಾಗಿತ್ತು.

"ನೆವ್, ಇವತ್ತು ಈನಿಡ್ ಬರ್ತಾಳೆ ಕಣೋ."

ಈನಿಡ್ ಕ್ವಿಲ್ಟಿ ಎರಡು ಬೀದಿಯಾಚೆಯ ಮುದುಕಿ. ಅವರೂ ಮರ್ಲ್‌ರೂ ಎದುರಾದರೆ ರಸ್ತೆ ದಾಟಿ ಆಚೆ ಹೋಗುವುದನ್ನು ಊರೇ ಬಲ್ಲದು. ಏಕೆಂದು ಯಾರೂ ಅರಿಯರು.

"ಈನಿಡ್ಡಾ? ನಿಮಗೂ ಅವರಿಗೂ ಮಾತಿಲ್ಲ ಅಲ್ವಾ?"

"ಇರಲಿಲ್ಲ. ಆ ಹಾಳು ವಿಕಿಯಿಂದ! ಕ್ಯಾಪ್ಟನ್ ಡೋರಾ ಪಾರ್ಟು ಮಾಡಿದ್ದೇ ಅವಳು. ನನ್ನ ಜೀವದ ಗೆಳತಿ. ಯಾವನೋ ನನ್ನನ್ನ ನಾಯಕಿ ಅಂತ ಬರೆದ. ನಾನೇ ಬರೆಸಿದ್ದು ಅಂದ್ಕೊಂಡು ಮುಖ ತಿರುಗಿಸಿದ್ಲು. ನಂಗೆ ಕಂಪ್ಯೂಟರ್ ಅಂದ್ರೆ ಗೊತ್ತಾಗಲ್ಲ, ಅಳಿಸೋದು ಹೇಗೆ? ನಾಚಿಕೆಯಿಂದ ಯಾರ ಹತ್ರಾನೂ ಕೇಳಲಿಲ್ಲ. ಈ ವಾರ ನೋಡು, ಒದ್ದೆಬೂಟು ಅನ್ನೋ ಪುಣ್ಯಾತ್ಮ ಅದನ್ನ ಅಳಿಸಿ, ಡೋರಾನೇ ನಾಯಕಿ ಅಂತ ಬಂಗಾರದಂಥ ಮಾತು ಬರೆದಿದಾನೆ. ಅದನ್ನ ಓದಿ ಈನಿಡ್ ಫೋನ್ ಮಾಡಿ ಅತ್ತುಬಿಟ್ಲು. ಆ ಪುಣ್ಯಾತ್ಮ ಸಿಕ್ಕಿದ್ರೆ ಕಾಲಿಗೆ ಬೀಳ್ತೀನಿ. ಅಯ್ಯೋ, ಸಾಸೇಜ್ ಸೀದು ಹೋಯ್ತಲ್ಲೋ!"

ಸೀದದ್ದು ಸಾಸೇಜು ಮಾತ್ರವಲ್ಲ. ಬೆಳಗ್ಗೆಯಷ್ಟೇ ಡೋರಾಳನ್ನು ಇಳಿಸಿ ಟಿಲ್ಲಿಯನ್ನು ಮರಳಿ ಕೂರಿಸಿದ್ದವನೂ ಅದೇ ಪುಣ್ಯಾತ್ಮನು.

ಅಷ್ಟರಲ್ಲಿ ಈನಿಡ್ ಬಂದೇಬಿಟ್ಟರು. ಕೈಯಲ್ಲಿ ಪಾವ್ಲೋವಾ ಎಂಬ ಸಿಹಿತಿಂಡಿಯ ತಟ್ಟೆ, ಹೆಗಲ ಚೀಲದಲ್ಲಿ ಟ್ಯಾಬ್. ಗೆಳತಿಯರಿಬ್ಬರೂ ಅಪ್ಪಿಕೊಂಡು ಅತ್ತರು. ಬಳಿಕ ಈನಿಡ್ ಕನ್ನಡಕ ಏರಿಸಿದರು.

"ಮೇಣದಬತ್ತಿ ಆರಿಸೋಕೆ ಮುಂಚೆ ನಾನೊಂದು ಓದ್ಬೇಕು. ಆ ಒದ್ದೆಬೂಟು ಬರೆದದ್ದನ್ನ. ತಡೀರಿ, ಈ ನೆಟ್ಟು ಮುದುಕಿ ಥರ ತೆವಳ್ತಾ ಇದೆ."

ನೆವಿಲನು ಇಕ್ಕುಳವನ್ನು ನೆಂಟನೊಬ್ಬನ ಕೈಗಿತ್ತು ಬಟ್ಟೆ ಒಗೆಯುವ ಕೋಣೆಗೆ ಓಡಿದನು. ಈನಿಡ್‌ರ ಟ್ಯಾಬಿನಲ್ಲಿ ಆ ಪುಟ ತೆರೆಯುವ ಮುನ್ನ ತಾನು ಅದನ್ನು ತಿದ್ದಬೇಕು. ತಿದ್ದಿದರೆ ಬಹಿಷ್ಕಾರ, ತಿದ್ದದಿದ್ದರೆ ಹೊರಗೆ ಎರಡು ಮುದಿ ಹೃದಯಗಳು ಒಡೆಯುತ್ತವೆ. ಚರ್ಚಿನಲ್ಲಿಯೂ ಕಣ್ಮುಚ್ಚದವನು ಒಗೆಯುವ ಯಂತ್ರದ ಮುಂದೆ ಕಣ್ಮುಚ್ಚಿ ಭಗವಂತನನ್ನು ನೆನೆದು, ಅಡುಗೆಯ ಟಿಲ್ಲಿಯನ್ನು ಮತ್ತೊಮ್ಮೆ ಅಳಿಸಿ ಡೋರಾಳನ್ನು ಕೂರಿಸಿದನು. ವಿಕಿ ಕೇಳಿತು: ಕಾರಣ? 'ತಪ್ಪು' ಎಂದು ಒತ್ತಿದನು. ಸಾಲದು, ವಿವರವಾಗಿ ಬರೆಯಿರಿ. ಬೆರಳುಗಳು ಸಾಸೇಜಿನ ಕೊಬ್ಬಿನಿಂದ ಜಾರುತ್ತಿದ್ದವು. ಬುದ್ಧಿ ಆಗಲೇ ಜಾರಿತ್ತು. ತೋಚಿದ್ದನ್ನು ಒತ್ತಿ, ಮುಖ ಒರೆಸಿಕೊಂಡು, ಏನೂ ಆಗದವನಂತೆ ಹೊರಗೆ ಬಂದನು.

"ಆಹಾ, ಬಂತು," ಎಂದರು ಈನಿಡ್. "'ನಾಯಕಿ: ಕ್ಯಾಪ್ಟನ್ ಡೋರಾ.' ನೋಡಿದ್ಯಾ ಮರ್ಲ್?"

ಎಲ್ಲರೂ ಚಪ್ಪಾಳೆ ತಟ್ಟಿದರು. ನೆವಿಲನು ಉಸಿರು ಬಿಟ್ಟನು. ಆ ಉಸಿರು ಇನ್ನೂ ಪೂರ್ತಿ ಹೊರಬಂದಿರಲಿಲ್ಲ.

"ಮೇಲೆ ಕಾರಣಾನೂ ಬರೆದಿದಾನೆ. ಅರೆ, ಹೊಸದು! 'ಒದ್ದೆಬೂಟು, ಈಗತಾನೆ: ಹೊರಗೆ ಅತ್ತೆ ಕೇಕ್ ಚಾಕು ಹಿಡಿದುಕೊಂಡು ನಿಂತಿದ್ದಾರೆ, ದೇವರಾಣೆಗೂ ಇನ್ನು ಇದನ್ನು ಯಾರೂ ಮುಟ್ಟಬೇಡಿ.'"

ಎಲ್ಲರ ಕಣ್ಣುಗಳೂ ಮರ್ಲ್‌ರ ಕೈಯಲ್ಲಿದ್ದ ಚಾಕುವಿನ ಕಡೆಗೆ ಹೋಗಿ, ಅಲ್ಲಿಂದ ಮೆಲ್ಲಗೆ ನೆವಿಲನ ಕಡೆಗೆ ಬಂದವು. ಬಿಸ್ಕತ್ತೆಂಬ ಹೆಸರಿನ ಮನೆಯ ನಾಯಿಯೂ ತಲೆಯೆತ್ತಿ ನೋಡಿತು.

"ನೆವಿಲ್ ಹಾರ್ಡ್‌ವಿಕ್," ಎಂದರು ಮರ್ಲ್, ಹಲ್ಲಿನ ಕುರ್ಚಿಗೆ ಹುಡುಗರನ್ನು ಕರೆಯುತ್ತಿದ್ದ ಅದೇ ದನಿಯಲ್ಲಿ. "ಈ ಹೊತ್ತಿಗೆ ಈ ಊರಲ್ಲಿ ಕೇಕ್ ಚಾಕು ಹಿಡಿದು ನಿಂತಿರೋ ಅತ್ತೆ ಇನ್ಯಾರಿದಾರೆ?"

"ಮರ್ಲ್, ನಾನೇ ಒದ್ದೆಬೂಟು. ಮೊದಲು ಅಳಿಸಿದ್ದು ನಾನೇ."

"ನೀನಾ! ಪುಣ್ಯಾತ್ಮ!"

"ಆಮೇಲೆ... ವಾಪಸ್ ಹಾಕಿದ್ದೂ ನಾನೇ. ಇವತ್ತು ಬೆಳಗ್ಗೆ. ಈಗ ತಿರುಗಾ ಅಳಿಸಿದ್ದೂ ನಾನೇ."

"ವಾಪಸ್ ಯಾಕೋ ಹಾಕಿದೆ?"

"ನಿಮಗೆ ಬೇಜಾರಾಗತ್ತೆ ಅಂತ... ಹೆದರಿಕೆಯಿಂದ."

"ನಾನು ಹಾಕು ಅಂದಿದ್ದು," ಎಂದು ಜೋಸಿ ಮೆಲ್ಲಗೆ ಹೇಳಿ ಕೇಕಿನ ಮೇಲಿದ್ದ 'ನಮ್ಮ ನಾಯಕಿ' ಎಂಬ ಅಕ್ಷರಗಳಿಗೆ ಕೈ ಅಡ್ಡ ಹಿಡಿದಳು.

"ಇನ್ನೊಂದು ಬಂತು," ಎಂದರು ಈನಿಡ್, ಟ್ಯಾಬನ್ನು ಮೂಗಿನ ಹತ್ತಿರ ತಂದು. "'ಉಪ್ಪುಗಾಳಿ: ತೆಗೆದು, ಹಾಕಿ, ಕೇಳದೆ ಮತ್ತೆ ತೆಗೆದದ್ದಕ್ಕಾಗಿ ಒದ್ದೆಬೂಟು ಅವರನ್ನು ಬಳಗದಿಂದ ಹೊರಹಾಕಲಾಗಿದೆ. ಅತ್ತೆಯವರಿಗೆ ನಮ್ಮ ನಮಸ್ಕಾರ.'"

ಮರ್ಲ್ ಮೊದಲು ನಕ್ಕರು. ಅವರು ನಕ್ಕದ್ದನ್ನು ಕಂಡ ಮೇಲೆ ಉಳಿದವರಿಗೂ ನಗಲು ಧೈರ್ಯ ಬಂತು. ಅವರು ಸಕ್ಕರೆಯ ಟೋಪಿಯನ್ನು ಕೇಕಿನಿಂದೆತ್ತಿ ಈನಿಡ್‌ರ ನರೆಗೂದಲಿನ ಮೇಲಿಟ್ಟರು. "ತಗೋ, ಇದು ನಿಂದು. ನಾನು ಎದುರು ಮಾತಾಡೋಳು, ಬಲಗೈ. ಜೋಸಿ ಬಲಶಾಲಿ, ಮನೆ ಭಾರ ಎಲ್ಲ ಅವಳದೇ."

"ನಾನು?" ಎಂದನು ನೆವಿಲ್. ಶಾಸ್ತ್ರಜ್ಞನಾದುದರಿಂದ ಸುಮ್ಮನಿರಲಾಗಲಿಲ್ಲ. "ಬುದ್ಧಿವಂತ?"

ಹಿತ್ತಿಲಿನವರೆಲ್ಲ ಒಲೆಯ ಮೇಲಿನ ಸೀದ ಸಾಸೇಜುಗಳತ್ತ ನೋಡಿದರು.

"ಹೋಗಲಿ, ಸಾಕುಪ್ರಾಣಿ?"

"ಆ ಜಾಗ ಖಾಲಿ ಇಲ್ಲ," ಎಂದು ಜೋಸಿ ಬಿಸ್ಕತ್ತಿನ ತಲೆ ಸವರಿದಳು.

ಮರ್ಲ್ ಚಾಕು ಹಿಡಿದು ಅವನೆದುರಿಗೆ ಬಂದರು. "ಬಾಯಿ ತೆಗಿ."

ನೆವಿಲನು ಹಿಂದೆ ಸರಿದನು. ಬೆನ್ನಿಗೆ ಬೇಲಿ ತಾಗಿತು. ಬಾಲ್ಯದ ಝೇಂಕಾರ ಕಿವಿ ತುಂಬಿತು. ಕಣ್ಣು ಬಿಗಿಯಾಗಿ ಮುಚ್ಚಿ ಬಾಯನ್ನು ಅಗಲಿಸಿದನು. ಮರುಕ್ಷಣವೇ ನಾಲಗೆಯ ಮೇಲೆ ಕೇಕಿನ ಮೊದಲ ತುಂಡು, ದೋಣಿಯ ಚುಕ್ಕಾಣಿಯ ಭಾಗ, ಕರಗತೊಡಗಿತು.

"ಹಿಂದಿನ ದವಡೇಲಿ ಹುಳುಕಿದೆ," ಎಂದರು ಅತ್ತೆ, ಒಳಗೆ ಇಣುಕಿ. "ಸೋಮವಾರ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಈಗ ಹೋಗಿ ಪಾತ್ರೆ ತೊಳಿ, ತಂಡದ 'ಹೃದಯ'ದ ಪಾರ್ಟು ನಂದೇ ಅಂದ್ಕೊಂಡು."

ತಪ್ಪಚ್ಚುಗಳನ್ನು ಅಳಿಸಹೋಗಿ ತಾನೇ ಅಳಿಸಿಹೋದ ಆ ಸಾಧುಪುರುಷನ ದವಡೆಗಳು ನೋವಿಲ್ಲದೆ ಬಾಳಲಿ. ಅವನ ಮನೆಯ ನಾಯಕಿಯರು ಒಬ್ಬರ ಟೋಪಿಯನ್ನೊಬ್ಬರಿಗೆ ತೊಡಿಸುತ್ತ ನೂರ್ಕಾಲ ನಗಲಿ. ಆ ಹಿತ್ತಿಲಿನ ಒಲೆ ಆರದಿರಲಿ. ಬಿಸ್ಕತ್ತೆಂಬ ನಾಯಿಯೂ ಸೇರಿದಂತೆ ಆ ಗೃಹದ ಸಕಲ ಜೀವರನ್ನು ಪರಮಾತ್ಮನು ಸದಾ ಕಾಪಾಡಲಿ.