ಹಬ್ಬಕ್ಕೆ ಬಂದ ಅಳಿಯನಂಥ ಕಂಪ್ಯೂಟರು

ಇಸವಿ ೨೦೦೮. ನನಗಾಗ ನಲವತ್ತೇಳು ವರ್ಷ; ಆಂಧ್ರದ ಗಡಿಯೊಳಗಿನ ಹಿಂದೂಪುರದ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಕಂಪ್ಯೂಟರಿನ ಜೊತೆ ಜಗಳವಾಡಿ ಎರಡು ದಿನ ಅದರೊಂದಿಗೆ ಮಾತು ಬಿಟ್ಟ ಹೆಂಗಸು ಭೂಮಂಡಲದಲ್ಲಿ ಒಬ್ಬಳೇ ಇದ್ದಾಳೆಂದೂ, ಅವಳು ಕಲ್ಯಾಣದುರ್ಗದಲ್ಲಿದ್ದಾಳೆಂದೂ, ಅವಳು ನನ್ನ ಒಡಹುಟ್ಟಿದ ಅಕ್ಕನೆಂದೂ ಓದುಗರಿಗೆ ಈ ಮೂಲಕ ತಿಳಿಯಪಡಿಸುತ್ತೇನೆ. ಮಾತು ಬಿಟ್ಟವಳು ಅವಳು; ಇಬ್ಬರ ನಡುವೆ ರಾಜಿ ಮಾಡಿಸಲು ವಾರವಾರವೂ ಬಸ್ಸು ಹತ್ತಿದವನು ನಾನು!

ಅಕ್ಕ ಅಲ್ಲಿನ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಟೈಪಿಸ್ಟು. ನಲವತ್ತು ದಾಟಿದ ಮೇಲೆ ಕಣ್ಣಿನ ನರ ಕ್ಷೀಣಿಸಿ ದೃಷ್ಟಿ ಪೂರ್ತಿ ಹೋಯಿತು. ಬೇರೆಯವರಾಗಿದ್ದರೆ ಮನೆ ಹಿಡಿಯುತ್ತಿದ್ದರು. ಅಕ್ಕ ಹೈದರಾಬಾದಿನ ಬಸ್ಸು ಹಿಡಿದಳು! ಅಲ್ಲಿ ಸ್ಕ್ರೀನ್ ರೀಡರ್ ಕಲಿತು ಬಂದಳು. ಪರದೆಯ ಮೇಲಿರುವುದನ್ನೆಲ್ಲ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವದು. ಒಂದು ಕೀಲಿ ಒತ್ತಿದರೆ ಒಂದು ಉತ್ತರ. ಮನುಷ್ಯಮಾತ್ರರು ಕೇಳಲೆಂದು ಅದಕ್ಕೊಂದು ವೇಗವನ್ನು ಇಟ್ಟಿರುತ್ತಾರೆ. ಅಕ್ಕ ಅದಕ್ಕೆ ಒಪ್ಪುವವಳೇ? ಬಾಣಲೆಯಲ್ಲಿ ಕಡಲೆ ಸಿಡಿದಂತೆ ಪಟಪಟನೆ ಓದುವವರೆಗೂ ಅದನ್ನು ಓಡಿಸಿಟ್ಟಿದ್ದಳು. ವಿರಾಮಚಿಹ್ನೆಗಳನ್ನು ಮಕ್ಕಳಂತೆ ಕಾಪಾಡಿಕೊಂಡು ಬಂದ ನನಗೆ ಆ ಓದನ್ನು ಕೇಳುವುದೇ ಯಾತನೆ.

"ಅಲ್ಪವಿರಾಮಕ್ಕಾದರೂ ನಿಲ್ಲಬಾರದೇ ಅಕ್ಕಾ?" ಎಂದರೆ, "ಕಂಡಕಂಡಲ್ಲಿ ನಿಂತ್ಕೊಳ್ಳೋಕೆ ಅದೇನ್ ಕಂಬದೂರು ಆಟೋನೇನ್ಲಾ ಮೇಷ್ಟ್ರೇ?" ಎನ್ನುತ್ತಿದ್ದಳು.

ಆ ಧ್ವನಿಗೆ ಅವಳು ಇಟ್ಟ ಹೆಸರು 'ಅಳಿಯ'. ಮದುವೆಯೇ ಬೇಡವೆಂದವಳಿಗೆ ಅಳಿಯ ಎಲ್ಲಿಂದ ಬಂದ?

"ಇಂಗ್ಲೀಸ್ ಮಾತಾಡ್ತಾನೆ, ಹೇಳಿದ್ ಮಾತು ಕೇಳ್ತಾನೆ, ಊಟ ಕೇಳಾಕಿಲ್ಲ. ಇಂಥ ಅಳಿಯ ಹೆಣ್ಣೆತ್ತೋರ್ಗೂ ಸಿಕ್ಕಾಕಿಲ್ಲ ಕಣಪ್ಪ!"

ಪರದೆಯನ್ನು ಮಾತ್ರ ಸದಾ ಆರಿಸಿಟ್ಟಿರುತ್ತಿದ್ದಳು. ತನಗೆ ಬೇಡದ ದೀಪಕ್ಕೆ ಕಾಲೇಜಿನ ಕರೆಂಟನ್ನು ಏಕೆ ಸುಡಬೇಕು?

ಆ ವರ್ಷ ಸಂಕ್ರಾಂತಿಯ ರಜೆಯಲ್ಲಿ ಕಾಲೇಜಿನವರು ಎಲ್ಲ ಕಂಪ್ಯೂಟರುಗಳ ಮೂಲ ತಂತ್ರಾಂಶವನ್ನೂ ಹೊಸ ಆವೃತ್ತಿಗೆ ಏರಿಸಿದರು. ಹಬ್ಬ ಮುಗಿಸಿ ಹೋದ ಅಕ್ಕ ಕೀಲಿ ಒತ್ತಿದಳು. ಮೌನ. ಇನ್ನೊಮ್ಮೆ ಒತ್ತಿದಳು. ಮೌನ. ಸಿಟ್ಟಿನಿಂದ ಮತ್ತೆ ಮತ್ತೆ ಕುಟ್ಟಿದಳು. ಬೇಸತ್ತು ನೀರು ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಅಳಿಯರಾಯರು ಅಷ್ಟೂ ಉತ್ತರಗಳನ್ನು ಒಟ್ಟಿಗೆ ಒಪ್ಪಿಸಿದರು!

"ಹಬ್ಬಕ್ ಬಂದ ಅಳಿಯ ಆಗ್ಬುಟ್ಟವ್ನೆ ಕಣ್ಲಾ," ಎಂದು ಫೋನಿನಲ್ಲಿ ಗುಡುಗಿದಳು. "ಮೂರ್ ಸಲ ಕೂಗುದ್ರೂ ಏಳಾಕಿಲ್ಲ. ನೀನ್ ಬಂದು ಎಬ್ಬಿಸು."

ಉತ್ತರ ತಡವಾದರೆ ಏನಾದೀತು ಎನ್ನುವಿರಾ? ಗಣರಾಜ್ಯೋತ್ಸವದ ಹಿಂದಿನ ದಿನ ಅಕ್ಕ ಹಳೆಯ ರಜಾಚೀಟಿಯೊಂದನ್ನು ಅಳಿಸಹೊರಟಳು. ಅಳಿಯ ರಜಾಚೀಟಿಯ ಹೆಸರು ಹೇಳಿದ, ಅಕ್ಕ ಅಳಿಸಿದಳು. ಆದರೆ ಅವನು ಹೇಳಿದ್ದು ಎಂದೋ ಹಿಂದೆ ಬಿದ್ದ ಹೆಸರು. ಅಷ್ಟರಲ್ಲಿ ಅವಳ ಕೀಲಿಯೊತ್ತುಗಳು ಮುಂದಿನ ಕಡತಕ್ಕೆ ಹೋಗಿ ನಿಂತಿದ್ದವು, ಅದು ಪ್ರಿನ್ಸಿಪಾಲರ ಭಾಷಣ! ಮರುದಿನ ಅವರು ಧ್ವಜ ಹಾರಿಸಿ, ಬಾಯಿ ತೆರೆದು, ನಮಸ್ಕಾರ ಹೇಳಿ ಇಳಿದರು. ಬಿಸಿಲಿನಲ್ಲಿ ನಿಂತ ವಿದ್ಯಾರ್ಥಿಗಳು ಅಕ್ಕನಿಗೆ ಮನಸಾರೆ ಶುಭ ಕೋರಿದರೆಂದು ಕೇಳಿದ್ದೇನೆ.

ಎರಡನೆಯ ಅನಾಹುತ ಇನ್ನೂ ಘನವಾದದ್ದು. ಕಾಲೇಜಿನ ಆಡಳಿತ ನೋಡಿಕೊಳ್ಳುತ್ತಿದ್ದ ಕರೆಸ್ಪಾಂಡೆಂಟರು ತಪಾಸಣೆಗೆ ಬಂದ ಅಧಿಕಾರಿಯನ್ನು ಆಫೀಸಿಗೆ ಕರೆತಂದು, "ಸಾರ್, ಜಿಲ್ಲಾಲೋ ಮಾದೇ ಬೆಸ್ಟ್ ಕಾಲೇಜ್," ಎಂದು, ಜಿಲ್ಲೆಗೆಲ್ಲ ತಮ್ಮದೇ ಉತ್ತಮ ಕಾಲೇಜೆಂದು ಕೊಚ್ಚಿಕೊಂಡರು. ಅಕ್ಕ ಅದೆಷ್ಟೋ ಹೊತ್ತಿನ ಹಿಂದೆ 'ನೋ' ಎಂಬ ಗುಂಡಿಯ ಮೇಲೆ ಹೋಗಿ ನಿಂತಿದ್ದಳು. ಅಳಿಯ ಅದನ್ನು ಓದಲು ಆರಿಸಿಕೊಂಡ ಮುಹೂರ್ತ ಅದೇ! "ನೋ," ಎಂದ. ಅಕ್ಕ ಎರಡು ದಿನ ಮಾತು ಬಿಟ್ಟದ್ದು ಆಗಲೇ. ಯಂತ್ರಕ್ಕೆ ಬೆನ್ನು ಮಾಡಿ ಕುರ್ಚಿ ತಿರುಗಿಸಿ ಕೂತಿದ್ದಳಂತೆ.

ಕರೆಸ್ಪಾಂಡೆಂಟರು ಕೆಟ್ಟವರಲ್ಲ. ಬೈಯಲೂ ಇಲ್ಲ. ಅಕ್ಕನ ಮೇಜಿನ ಬಳಿ ಬಂದು ಮೆತ್ತಗೆ, "ಮೇಡಮ್, ಮೀರು ಊರಿಕೇ ಕೂರ್ಚೋಂಡಿ ಚಾಲು. ಜೀತಂ ಎಕ್ಕಡಿಕೀ ಪೋದು," ಎಂದರು. ಸುಮ್ಮನೆ ಕೂತರೆ ಸಾಕು, ಸಂಬಳ ಎಲ್ಲಿಗೂ ಹೋಗುವುದಿಲ್ಲ! ಮುಂದಿನ ಸೋಮವಾರದೊಳಗೆ ಯಂತ್ರ ಸರಿಹೋಗದಿದ್ದರೆ ಪತ್ರಗಳನ್ನೆಲ್ಲ ಬೇರೊಬ್ಬರು ಟೈಪು ಮಾಡುವರು. ಇದಕ್ಕಿಂತ ಒಳ್ಳೆಯ ಮಾತನ್ನು ಯಾವ ಯಜಮಾನ ಆಡಿಯಾನು? ಅಕ್ಕ ಆ ದಿನ ಊಟ ಮಾಡಲಿಲ್ಲ.

"ಬೈದಿದ್ರೆ ತಡ್ಕೋತಿದ್ದೆ ಕಣ್ಲಾ," ಎಂದಳು. "ಕುರ್ಚಿ ಮ್ಯಾಲೆ ಬಟ್ಟೆ ಗಂಟು ಮಡಗ್ದಂಗೆ ಮಡಗ್ತೀನಿ ಅಂದ್ಬುಟ್ಟ."

ನಾನು ಕ್ರಮಬದ್ಧ ಮನುಷ್ಯ. ಒಂದು ಭಾನುವಾರಕ್ಕೆ ಒಂದೇ ಚಿಕಿತ್ಸೆ ಎಂಬ ನಿಯಮ ಹಾಕಿಕೊಂಡಿದ್ದೆ. ಇಲ್ಲದಿದ್ದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದು ಹೇಗೆ? ಪರಿಗಿಯ ಸಹೋದ್ಯೋಗಿಯೊಬ್ಬರು ಧೂಳು ಎಂದರು. ಕುಂಚ ಹಿಡಿದು ಯಂತ್ರದ ಹೊಟ್ಟೆಯನ್ನೆಲ್ಲ ಗುಡಿಸಿದೆ. ಬೇಡದ ತಂತ್ರಾಂಶಗಳನ್ನು ಕಿತ್ತೆ. ಹೊಸ ಮೆಮೊರಿ ಹಾಕಿಸಿದೆ. ನಡುವಾರದಲ್ಲಿ ರಿಪೇರಿಯವನನ್ನೂ ಕರೆಸಿದ್ದಾಯಿತು. ಅವನು ಮೊದಲು ಪರದೆ ಹಚ್ಚಿ, ಮೌಸು ಆಡಿಸಿ, "ಬ್ರಹ್ಮಾಂಡಂಗಾ ಉಂದಿ ಮೇಡಮ್!" ಎಂದು, ಅದ್ಭುತವಾಗಿದೆಯೆಂಬ ಸರ್ಟಿಫಿಕೇಟು ಕೊಟ್ಟು ಹೊರಟುಹೋದ. ಗುಣ ಕಂಡದ್ದು ಯಾವುದರಿಂದ? ಯಾವುದರಿಂದಲೂ ಇಲ್ಲ. ನನ್ನ ನಿಯಮದ ಅಗತ್ಯವೇ ಬೀಳಲಿಲ್ಲ!

ಕೊನೆಯ ಭಾನುವಾರ ಮಧ್ಯಾಹ್ನ. ಖಾಲಿ ಆಫೀಸು. ನನ್ನ ಬಳಿ ಚಿಕಿತ್ಸೆಗಳೆಲ್ಲ ಮುಗಿದಿದ್ದವು. ಎಂದೂ ಕೈ ಸುಮ್ಮನಿರಿಸದ ಅಕ್ಕ ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು, ಸೋಮವಾರದ ಅಭ್ಯಾಸ ಮಾಡುವವಳಂತೆ ಕೂತಿದ್ದಳು. ಏನಾದರೂ ಆಡಬೇಕಲ್ಲ ಎಂದು ನಾನು ಹಚ್ಚಿಟ್ಟಿದ್ದ ಪರದೆಯನ್ನು ನೋಡುತ್ತಾ, "ಏನೇ ಹೇಳು ಅಕ್ಕಾ, ನೋಡಲು ಮಾತ್ರ ಬಹಳ ಸೊಗಸಾಗಿದೆ," ಎಂದುಬಿಟ್ಟೆ.

"ಏನ್ಲಾ ಸೊಗಸು?"

"ಕಿಟಕಿಗಳು ಮಂಜಿನೊಳಗಿಂದ ಬಂದಂತೆ ಮೆಲ್ಲಗೆ ಮೂಡುತ್ತವೆ. ಅಂಚೆಲ್ಲ ಗಾಜಿನಂತೆ, ಹಿಂದಿರುವುದೂ ಕಾಣುತ್ತದೆ. ಮುಚ್ಚಿದರೆ ಕುಗ್ಗಿ ಕುಗ್ಗಿ ಕರಗುತ್ತವೆ. ಬಾಣದ ಗುರುತಿಗೂ ಒಂದು ನೆರಳಿದೆ."

ಅಕ್ಕ ಪರದೆಯ ಗಾಜಿನ ಮೇಲೆ ಅಂಗೈ ಇಟ್ಟಳು.

"ಯಾರಿಗ್ಲಾ ಈ ಸಿಂಗಾರ?"

ನಾನು ಇನ್ನೊಂದು ಕಿಟಕಿ ತೆರೆದು ಮುಚ್ಚಿದೆ.

"ಕುರುಡಿ ಮುಂದೆ ಹಗಲೆಲ್ಲ ಕುಣೀತಾ ಅವ್ನೇನ್ಲಾ? ಅದ್ಕೇ ಬಾಯ್ ಬಿಡಾಕೆ ಪುರಸೊತ್ತಿಲ್ಲ ನನ್ಮಗಂಗೆ!"

ಮೂವತ್ತೆಂಟು ಕಿಲೋ ತೂಕದ ನನ್ನ ಅಕ್ಕ ನಗಲು ತೊಡಗಿದರೆ ಆಫೀಸಿನ ಬೀರುಗಳೂ ನಡುಗುತ್ತವೆ. ನಾನು ನಗಲಿಲ್ಲ, ಹುಡುಕತೊಡಗಿದೆ. ಒಳಗೆ ಎಲ್ಲೋ ಒಂದು ಪುಟದಲ್ಲಿ ಆ ಅಲಂಕಾರಗಳೆಲ್ಲ ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಮುಂದೆಯೂ ಒಂದು ಸರಿಗುರುತು. ಪರದೆ ಆರಿಸಿದ್ದರೇನು? ಯಂತ್ರ ಒಳಗೊಳಗೇ ಅಷ್ಟನ್ನೂ ಚಿತ್ರಿಸುತ್ತಲೇ ಇತ್ತು! ಒಂದರ ಗುರುತನ್ನು ತೆಗೆಯಲು ಹೊರಟೆ.

"ಇರ್ಲಾ," ಎಂದಳು ಅಕ್ಕ. ನಗು ನಿಂತಿತ್ತು. "ತೆಗೆಯೋ ಮುಂಚೆ ಒಂದೊಂದೂ ಹೆಂಗೈತೆ ಅಂತ ಹೇಳು. ನಂಗೇ ಅಂತ ಮಾಡವ್ನೆ. ಕೇಳಾದ್ರೂ ಕಳ್ಕೋತೀನಿ."

ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ವಿಶೇಷಣಗಳನ್ನು ಕಲಿಸಿದವನಿಗೆ ಅಂದು ಒಂದು ವಿಶೇಷಣವೂ ಒದಗಲಿಲ್ಲ. "ಅಂಚು ನೀಲಿ," ಎಂದೆ.

"ಯಾವ್ ನೀಲಿ?"

"ಆಕಾಶದ ನೀಲಿ."

"ಯಾವೂರ್ದು? ಎಷ್ಟೊತ್ತಿಂದು?"

ನಾನು ಕಣ್ಣು ಮುಚ್ಚಿಕೊಂಡೆ. "ನಮ್ಮ ಬೆಳುಗುಪ್ಪದ ಕಡೆ, ಚಳಿಗಾಲದಲ್ಲಿ, ಹೊತ್ತು ಹುಟ್ಟಿ ಹೊಲದ ಇಬ್ಬನಿ ಆರುವಾಗ."

ಅಕ್ಕ ಮುಖ ಎತ್ತಿದಳು. "ಹ್ಞೂಂ. ಕಾಣ್ತು. ತೆಗಿ."

ನೆರಳು. "ಪಡಸಾಲೇಲಿ ಚಿಮಣಿ ಬುಡ್ಡಿ ಇಟ್ಟಾಗ ಚೊಂಬಿನ ಪಕ್ಕ ಬೀಳ್ತಿತ್ತಲ್ಲ, ಅಂಥಾದ್ದು," ಎಂದೆ. "ಕಾಣ್ತು. ತೆಗಿ." ಇಳಿಯುವ ಪಟ್ಟಿಗಳು, ಕರಗುವ ಕಿಟಕಿಗಳು, ಹೊಳೆಯುವ ಗುಂಡಿಗಳು. ಒಂದೊಂದಕ್ಕೂ ನಾನು ನಮ್ಮೂರಿನ ಯಾವುದನ್ನಾದರೂ ಹುಡುಕಿ ತರಬೇಕಾಯಿತು. ಒಂದೊಂದನ್ನೂ ಅವಳು ನೋಡಿ ಮುಗಿಸುವವರೆಗೆ ಕಾಯಬೇಕಾಯಿತು. ಕೊನೆಗೆ ಪರದೆ ಒರೆಸಿಟ್ಟ ಹಲಗೆಯಂತೆ ಬೂದಿಬಣ್ಣಕ್ಕೆ ತಿರುಗಿತು. ಅಕ್ಕ ಕೀಲಿ ಒತ್ತಿದಳು. ಬೆರಳು ಮೇಲೇಳುವ ಮೊದಲೇ ಅಳಿಯ ಉತ್ತರ ಕೊಟ್ಟ!

ನಾನು ಶಾಲೆಗೆ ರಜೆ ಹೇಳಿ ಉಳಿದುಕೊಂಡೆ. ಬೆಳಿಗ್ಗೆ ಕರೆಸ್ಪಾಂಡೆಂಟರು ಬಂದು, ಅನುಮಾನದಿಂದಲೇ ಒಂದು ಪತ್ರ ಹೇಳಿ ಬರೆಸಿದರು. ಅವರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅದು ಮುಗಿದಿತ್ತು. ಇನ್ನೊಂದು ಹೇಳಿದರು. ಮತ್ತೊಂದು. ಆಮೇಲೆ ವಾರದಿಂದ ಬಾಕಿ ಬಿದ್ದಿದ್ದ ಕೆಲಸವನ್ನೆಲ್ಲ ಅಕ್ಕನ ಮೇಜಿನ ಮೇಲಿರಿಸಿ ಹೋದರು. ನಾನು ಬಾಗಿಲ ಬಳಿ, ಒಂದು ಹೊಗಳಿಕೆಯ ಆಸೆಯಿಂದ ನಿಂತೇ ಇದ್ದೆ. ಅಕ್ಕನ ಬೆರಳುಗಳು ನಿಲ್ಲಲಿಲ್ಲ.

"ಇನ್ನೂ ಯಾಕ್ ನಿಂತಿದ್ದೀಯ್ಲಾ ಮೇಷ್ಟ್ರೇ? ಬಸ್ಸು ಹೋಯ್ತದೆ, ನಡಿ," ಎಂದಳು. "ನಂಗೆ ಕೆಲ್ಸ ಐತೆ."

ಅಂದು ೨೦೦೮ನೇ ಇಸವಿ, ಫೆಬ್ರವರಿ ಹನ್ನೊಂದು, ಸೋಮವಾರ.