ಆರನೆಯ ಪ್ರತಿಯ ಸಮೃದ್ಧಿ

ದಣಿವು ಉಳಿದವರಿಗೆ ಎಲ್ಲಿಂದ ಶುರುವಾಗುತ್ತದೋ ಕಾಣೆ, ನನಗಂತೂ ಬೆರಳಿಂದ. ಐವತ್ತರ ದಶಕದಲ್ಲಿ ಅರಕಲಗೂಡಿನ ಒಂದು ಕಚೇರಿಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಯಾವ ಕಾಗದವಾದರೂ ಆರು ಪ್ರತಿ. ನಡುವೆ ಐದು ಕಾರ್ಬನ್ ಹಾಳೆ ಇಟ್ಟು ಭತ್ತ ಕುಟ್ಟಿದ ಹಾಗೆ ಕುಟ್ಟಬೇಕು. ಮೊದಲ ಪ್ರತಿ ಮೇಲಿನವರಿಗೆ, ಇಳಿಯುತ್ತ ಇಳಿಯುತ್ತ ಆರನೆಯದು ಸಂಬಂಧಪಟ್ಟವರಿಗೆ. ಅದರಲ್ಲಿ ಮಸಿಯಿರುತ್ತಿತ್ತು, ಅಕ್ಷರ ಇರುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಬೆಳಕಿಗೆ ಹಿಡಿದು ನೋಡಿ" ಅನ್ನುತ್ತಿದ್ದೆ.

ಒಮ್ಮೆ ಚನ್ನರಾಯಪಟ್ಟಣದ ಕಡೆಯ ನಿವೃತ್ತ ಮೇಷ್ಟರೊಬ್ಬರು ಜಮೀನಿನ ಕಾಗದದ ನಕಲಿಗೆ ಬಂದು, ಕಾಯುತ್ತ ಕೂತವರು ಪಾಠ ಶುರುಮಾಡಿದರು. "ಕಾಪಿ ಅನ್ನೋದು ಲ್ಯಾಟಿನ್ನಿನ ಕೋಪಿಯಾದಿಂದ ಬಂದದ್ದು ಕಣಯ್ಯ. ಹಾಗಂದ್ರೆ ಸಮೃದ್ಧಿ. ಇಟಲಿಯವರು, ಸ್ಪೇನಿನವರು ನಕಲಿಗೆ ಇವತ್ತಿಗೂ ಕೋಪಿಯಾ ಅಂತಾರೆ. ಫ್ರೆಂಚರಿಗೆ ಅದು ಕೊಪಿ. ಒಂದಿದ್ದದ್ದು ಹಲವಾಗೋದು ಸಮೃದ್ಧಿ ತಾನೆ?" ಇಷ್ಟು ವರ್ಷ ನಾನು ಕುಟ್ಟಿದ್ದು ಸಮೃದ್ಧಿಯನ್ನೇ ಎಂದು ಕೊಂಚ ಹೆಮ್ಮೆಯಾಯಿತು. ಆರನೆಯ ಪ್ರತಿ ಕೈಗಿಟ್ಟೆ. ಮೇಷ್ಟರು ಕನ್ನಡಕ ಏರಿಸಿದರು, ಇಳಿಸಿದರು, ಎದ್ದು ಹೋದರು.

ನನ್ನ ಹೆಂಡತಿ ಸಾವಿತ್ರಿ ಆಗ ಹೊಳೆನರಸೀಪುರದಲ್ಲಿ ಟೀಚರು. ನನಗೆ ಇಲ್ಲಿ ಹೋಟೆಲಿನ ಅನ್ನ. ನಾಲ್ಕು ವರ್ಷದಿಂದ ನಮ್ಮದು ಬರೀ ಭಾನುವಾರದ ಸಂಸಾರ, ಸಾಕಾಗಿಹೋಗಿತ್ತು. ಅಲ್ಲಿನ ಕಚೇರಿಯಲ್ಲಿ ಟೈಪಿಸ್ಟ್ ಜಾಗ ಖಾಲಿಯಾಯಿತೆಂದು ತಿಳಿದ ದಿನವೇ ವರ್ಗದ ಅರ್ಜಿ ಹೊಡೆದೆ. ಒಂದು ಸಾಕಿತ್ತು, ಕೈ ತಾನಾಗಿ ಆರು ಜೋಡಿಸಿತು. ಜವಾನ ನಿಂಗಯ್ಯ ಲಕೋಟೆ ಹಿಡಿದು ಬಂದು, "ಇದು ಯಾರ್ಗೆ ಸಂಬಂಧಪಟ್ಟದ್ದು ಸಾ?" ಎಂದ. ತಲೆ ಎತ್ತದೆ "ಹಾಸನದ ಸಾಹೇಬರಿಗೆ" ಎಂದೆ. ಅವನು ವಾಡಿಕೆಯಂತೆ ಅಡಿಯಿಂದ ಆರನೆಯದನ್ನು ಎಳೆದು ಲಕೋಟೆಗೆ ಹಾಕಿದ. ಉಳಿದ ಐದನ್ನು ನನ್ನ ಡ್ರಾಯರಿನಲ್ಲಿಟ್ಟ.

ತಿಂಗಳ ಮೇಲೆ ಉತ್ತರ ಬಂತು. ಅದೂ ಕಾರ್ಬನ್ನೇ, ಬೆಳಕಿಗೆ ಹಿಡಿದು ಓದಿದೆ. ಅರ್ಜಿ ಓದಲಾಗದ ಕಾರಣ ಹಿಂತಿರುಗಿಸಲಾಗಿದೆ, ಜಾಗ ಬೇರೊಬ್ಬರಿಗೆ ಕೊಟ್ಟಾಗಿದೆ. ಆ ಬೇರೊಬ್ಬರು ಕೈಯಲ್ಲಿ ಒಂದೇ ಒಂದು ಹಾಳೆ ಬರೆದಿದ್ದರಂತೆ. ನನಗೆ ಅಳುವೇ ಬಂತು.

ಭಾನುವಾರ ಸಾವಿತ್ರಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಇನ್ನೂ ಐದು ಇವೆಯಲ್ಲ ರೀ, ನನಗೊಂದು ಕೊಡಿ," ಎಂದಳು. "ನನ್ನ ಜೊತೆ ಇರಬೇಕು ಅಂತ ನೀವು ಬರೆದಿರೋದು ಅದೊಂದೇ."

ಡ್ರಾಯರಿನಲ್ಲಿದ್ದ ಐದನ್ನೂ ಚೀಲದಲ್ಲಿ ತಂದಿದ್ದೆ, ಒಂದನ್ನು ತೆಗೆದುಕೊಟ್ಟೆ. ಅವಳು ಕಿಟಕಿಯ ಹತ್ತಿರ ಹೋಗಿ ಅದನ್ನು ಬೆಳಕಿಗೆ ಹಿಡಿದಳು. ನಾನು ಕೊಟ್ಟದ್ದು ಐದನೆಯದು.