ನಾನೇ ದಾರ ಹಿಡಿದ ಗೋಡೆಯ ಮೇಲೆ ನಾನೇ ಹೂಡಿದ ದಾವೆ

ನ್ಯಾಯವೆಂಬುದು ಧರ್ಮದ ಅಡಿಗಲ್ಲು, ರಾಜ್ಯದ ಊರುಗೋಲು, ನಾಗರಿಕತೆಯ ನಂದಾದೀಪ. ಹೊಸಪೇಟೆಯ ಮುನಸೀಫ ಕೋರ್ಟಿನ ಜಗಲಿಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಾಗ ನನಗೆ ಈ ಸತ್ಯ ಹೊಳೆಯಿತು. ಒಳಗಿನಿಂದ ನನ್ನ ಹೆಸರು ಕೂಗುವವರೆಗೆ ಅದರಲ್ಲಿ ಪೂರ್ಣ ನಂಬಿಕೆಯೂ ಇತ್ತು.

ನನಗೆ ಒಂದು ಕಡೆ ಕೂತಿರಲು ಬಾರದು. ತಾಲ್ಲೂಕು ಕಚೇರಿಯಿಂದ ಪಿಂಚಣಿ ಪಡೆದು ಮನೆ ಸೇರಿದ ಮೇಲಂತೂ ಕೈಗೆ ಕೆಲಸವಿಲ್ಲ, ಕಾಲಿಗೆ ನಿಲುಗಡೆಯಿಲ್ಲ. ಅಂಥ ಹೊತ್ತಿನಲ್ಲಿ, ಕಂಪ್ಲಿಯಿಂದ ಬೆಲ್ಲ ತರಿಸಿ ಮಾರುವ ನಮ್ಮ ನೆರೆಯ ಕೊಟ್ರಪ್ಪ ತನ್ನ ಹಿತ್ತಲಲ್ಲಿ ಗೋದಾಮು ಕಟ್ಟಿಸಲು ಹೊರಟ. ನನ್ನನ್ನು ಯಾರೂ ಕರೆಯಲಿಲ್ಲ. ಹೋದೆ!

ಕಟ್ಟಡದ ಉದ್ದಗಲ ಗುಣಿಸಿ, ಭಾಗಿಸಿ, ಉಳಿದ ಶೇಷದಿಂದ ಅದರ ‘ಆಯ’ ಶುಭವೋ ಅಶುಭವೋ ಹೇಳುವ ಲೆಕ್ಕ ನನಗೆ ಬರುತ್ತದೆ. ಬರುತ್ತದೆಂದು ಊರಿಗೆಲ್ಲ ನಾನೇ ಹೇಳಿದ್ದೇನೆ. ಗೌಂಡಿ ಎಳೆದ ಗೆರೆಯನ್ನು ಅಳೆದೆ. ಗುಣಿಸಿದೆ. ಬೆಚ್ಚಿದೆ.

“ಕೊಟ್ರಪ್ಪಾ, ಧೂಮಾಯ ಬಂದದ! ಧೂಮ ಅಂದ್ರ ಹೊಗಿ. ಬೆಲ್ಲದ ಗೋದಾಮಿಗೆ ಹೊಗಿ ಬೇಕೇನು?”

“ಅಯ್ಯಯ್ಯ, ಈಗೇನ್ ಮಾಡೂದ್ರೀ ರಾಯ್ರ?”

“ಈ ಗ್ವಾಡಿ ಒಂದು ಮಾರು ಮೂಡಲಕ್ಕ ಸರಸು. ಗಜಾಯ ಆಗ್ತದ. ಆನಿಯಂಥಾ ವ್ಯಾಪಾರ!”

ಕೊಟ್ರಪ್ಪ ತಲೆ ಕೆರೆದುಕೊಂಡ. “ಮೂಡಲಕ್ಕ ಸರಸಿದ್ರ ನಿಮ್ಮ ಹಿತ್ತಲಕ್ಕ ಬರಂಗಿಲ್ಲೇನ್ರಿ?”

“ನನ್ನ ಗಡಿ ನನಗ ಗೊತ್ತಿಲ್ಲೇನು? ಆ ಬೇವಿನ ಗಿಡದ ಆಚಿ ಎಲ್ಲಾ ನಿಂದ. ಕಟ್ಟು, ಕಟ್ಟು!”

ಕಟ್ಟಿದ. ನಮ್ಮ ಮನೆಯವಳು ತಂಗಿಯ ಬಾಣಂತನಕ್ಕೆಂದು ಊರಿಗೆ ಹೋಗಿದ್ದಳು. ನಾನು ಬೆಳಗಿನಿಂದ ಸಂಜೆಯವರೆಗೆ ಗೌಂಡಿಯ ತಲೆಯ ಮೇಲೆ ನಿಂತು ದಾರ ಹಿಡಿದೆ, ತೂಗುಗುಂಡು ಇಳಿಬಿಟ್ಟೆ, ಕಲ್ಲು ಬದಲಾಯಿಸಿದೆ, ಬದಲಾಯಿಸಿದ್ದನ್ನು ಮತ್ತೆ ಬದಲಾಯಿಸಿದೆ. ನನ್ನ ಮನೆಗೆ ನೀರನ್ನು ಕೊಟ್ರಪ್ಪನ ಆಳುಗಳೇ ತಂದು ಸುರಿಯುತ್ತಿದ್ದರು. ಸಂಡೂರಿನಿಂದ ತೊಲೆ ಬಂತು, ಮಾಳಿಗೆ ಏರಿತು, ನನಗೆ ಹಾರ ಬಿತ್ತು.

ಮರುವಾರ ಮನೆಯವಳು ಬಂದಳು. ಕೊಡ ಎತ್ತಿಕೊಂಡು ಹಿತ್ತಲ ಬಾಗಿಲು ತೆಗೆದಳು.

“ಏನ್ರೀ, ನಮ್ಮ ಬಾವಿ ಎಲ್ಲಿ?”

“ಬಾವಿ ಎಲ್ಲಿ ಹೋಗ್ತದ? ಇದ್ದಲ್ಲೇ ಅದ.”

“ಅದು ಇದ್ದಲ್ಲೇ ಇದ್ದೀತು. ನಡುವ ಈ ಗ್ವಾಡಿ ಯಾರ್ದು? ಗಿಡದ ಆಚಿ ಒಂದು ಮಾರು ನಮ್ದು, ಅದ ಬಾವಿ ದಾರಿ ಅಂತ ಮಾವನವರು ನನಗ ಕೈ ಮಾಡಿ ತೋರಿಸ್ಯಾರ್ರೀ!”

ಹೋಗಿ ನೋಡಿದೆ. ಗೋಡೆ ಇತ್ತು. ಅಷ್ಟು ದಿನವೂ ಕೊಟ್ರಪ್ಪನ ಕಡೆಯಲ್ಲೇ ನಿಂತಿದ್ದರಿಂದ, ನನ್ನ ಕಡೆಯಿಂದ ಅದು ಹೇಗೆ ಕಾಣುತ್ತದೆಂದು ನೋಡಿರಲಿಲ್ಲ! ಗೋದಾಮಿನ ಆಚೆಗೆ ಉಳಿದ ಸ್ವಂತ ಬಾವಿಗೆ ಹೋಗಬೇಕಾದರೆ ಇನ್ನು ಮೇಲೆ ಮುಂಬಾಗಿಲಿನಿಂದ ಹೊರಟು, ಬೀದಿ ಹಿಡಿದು, ಗಾಣದ ಓಣಿಯನ್ನು ಸುತ್ತಿ ಬರಬೇಕು.

ಕೊಟ್ರಪ್ಪ ಒಳ್ಳೆಯವನು. “ಹಿಂಗಾತಲ್ರೀ ರಾಯ್ರ. ಹೋಗ್ಲಿ, ಗ್ವಾಡ್ಯಾಗ ಒಂದು ಬಾಗ್ಲಾ ಇಡಸ್ತೀನಿ. ಅಕ್ಕಾರು ಗೋದಾಮಿನಾಗ ಹಾದು ನೀರಿಗೆ ಹೋಗ್ಲಿ” ಅಂದ.

“ಭಾಳ ಚಲೋ ಆತಪ್ಪಾ” ಎಂದು ಮನೆಯವಳು ಕೊಡ ಇಳಿಸಿದಳು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ನಾನಿದ್ದೆನಲ್ಲ!

“ಗಜಾಯದ ಕಟ್ಟಡಕ್ಕ ಆ ದಿಕ್ಕಿಗೆ ಬಾಗಿಲಾ? ಘೋರ ಅಶುಭ! ಗ್ವಾಡೀನ ಕೆಡವು.”

“ಕೆಡವಾಕ ಆಗಂಗಿಲ್ರಿ.”

“ಹಂಗಾದ್ರ ಕೋರ್ಟಿನಾಗ ನೋಡ್ತೀನಿ!”

ನಮ್ಮ ವಕೀಲರು ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು. “ಕಾನೂನಿನಾಗ ಎಸ್ಟಾಪೆಲ್ ಅಂತ ಒಂದು ತತ್ವ ಅದ ರಾಯರ. ನೀವು ಒಬ್ಬನ್ನ ನಂಬಸ್ತೀರಿ, ಅವ ನಂಬಿ ಕಟ್ಟಿಬಿಡ್ತಾನ. ಆಮ್ಯಾಲ ‘ಜಾಗ ನಂದು’ ಅಂತ ಬಂದ್ರ ಕೋರ್ಟು ನಿಮ್ಮ ಬಾಯಿ ಕಟ್ತದ. ಜಾಗ ಖರೇನ ನಿಮ್ದಿದ್ರೂ!”

“ಇದ್ಯಾವ ನ್ಯಾಯ?”

“ಇದ ನ್ಯಾಯ. ಕಣ್ಣೆದುರು ಕಟ್ಟೋದನ್ನ ಸುಮ್ಮನ ನಿಂತು ನೋಡಿದ್ರೂ ಒಮ್ಮೊಮ್ಮೆ ಹತ್ಕೋತದ. ನೀವು ಸುಮ್ಮನ ನಿಂತಿದ್ರೇನು?”

“ಛೆ, ಸುಮ್ಮನ ಅಂತೂ ನಿಂತಿಲ್ಲ.”

ವಕೀಲರು ಹಣೆ ಒತ್ತಿಕೊಂಡರು. “ಕೇಳಿದ್ದಕ್ಕ ಮಾತ್ರ ಉತ್ತರ ಕೊಡ್ರಿ. ಒಂದಕ್ಷರ ಹೆಚ್ಚಿಗಿ ಬ್ಯಾಡ. ಕೈ ಮುಗೀತೀನಿ.”

ಹೀಗೆ ನಾನು ಕಟಕಟೆ ಹತ್ತಿದೆ. ಮದರಾಸಿನ ಕಡೆಯ ಮುನಸೀಫರು ಲೇಖನಿ ಹಿಡಿದರು. ಕೊಟ್ರಪ್ಪನ ಪರವಾಗಿ ಬಳ್ಳಾರಿಯಿಂದ ಬಂದ ವಕೀಲರು ಎದ್ದರು.

“ಗೋಡಿ ಕಟ್ಟುವಾಗ ಊರಾಗಿದ್ರೇನ್ರಿ?”

“ಹೌದು.” ಅಷ್ಟೇ! ನಮ್ಮ ವಕೀಲರು ಮೆಚ್ಚಿ ತಲೆಯಾಡಿಸಿದರು.

ಬಳ್ಳಾರಿಯವರು ನಿಟ್ಟುಸಿರುಬಿಟ್ಟರು. “ಕಟ್ಟಡದ ವಿಷಯ ನಿಮಗೇನು ತಿಳೀಬೇಕು ಬಿಡ್ರಿ, ವಯಸ್ಸಾದವರು. ಗೋಡೀನೂ ಸೊಟ್ಟ ಅದ ಅಂತ ಜನಾ ಅಂತಾರ. ಯಾವನೋ ತಿಳಿಗೇಡಿ ನಿಂತು ಕಟ್ಟಿಸ್ಯಾನ.”

ಸೊಟ್ಟ! ನನ್ನ ಕಾಲುಗಳು ಕಟಕಟೆಯಲ್ಲಿ ತಾವಾಗಿಯೇ ಕುಣಿಯತೊಡಗಿದವು.

“ಯಾರ್ರೀ ಸೊಟ್ಟ ಅಂದಾವ? ದಾರ ಹಿಡದಾವ ನಾನು! ಗುಂಡು ಬಿಟ್ಟಾವ ನಾನು! ಒಂದು ಮಾರು ಮೂಡಲಕ್ಕ ಸರಸು ಅಂದಾವ ನಾನು! ಅವ ಅನುಮಾನ ಮಾಡಿದ್ರೂ, ‘ಜಾಗ ನಿಂದ, ಕಟ್ಟು’ ಅಂತ ಕಟ್ಟಿಸಿದಾವ ನಾನು!”

ಪಂಕಾ ಎಳೆಯುತ್ತಿದ್ದವನು ಹಗ್ಗ ಬಿಟ್ಟ. ನಮ್ಮ ವಕೀಲರು ಕಣ್ಣು ಮುಚ್ಚಿದರು. ನಾನು ಮಾತ್ರ, “ಬೇಕಾದ್ರ ಆಯದ ಲೆಕ್ಕಾನೂ ಹೇಳ್ತೀನಿ ಸ್ವಾಮಿ” ಎಂದೆ.

“ಬೇಡ. ಸಾಕು” ಎಂದರು ಮುನಸೀಫರು.

ಪ್ರತಿವಾದಿಯ ಕಡೆಗೆ ವಾದಿಗಿಂತ ಉತ್ತಮ ಸಾಕ್ಷಿ ಸಿಗುವುದು ದುರ್ಲಭವೆಂದು ತೀರ್ಪಿನಲ್ಲಿ ಬರೆದರು. ನನ್ನ ಹೇಳಿಕೆಯನ್ನು ಯಾರಾದರೂ ಅಷ್ಟು ಪೂರ್ತಿಯಾಗಿ ನಂಬಿದ್ದು ಅದೇ ಮೊದಲು.

ಹೊರಗೆ ಮೆಟ್ಟಿಲ ಮೇಲೆ ಕೊಟ್ರಪ್ಪನನ್ನು ಹಿಡಿದೆ. ಮೆಲ್ಲಗೆ, “ಆ ಬಾಗಿಲಿನ ಮಾತು...” ಎಂದೆ.

“ಇಡಸ್ತಿದ್ದೆ ರಾಯ್ರ. ಅಶುಭ ಅಂದ್ರಲ್ಲ ನೀವ. ನಿಮ್ಮ ಮಾತು ನಂಬಿ ಅಲ್ಲಿ ಮಾಳಿಗಿ ಮುಟ್ಟ ಬೆಲ್ಲದ ಪೆಂಟಿ ಒಟ್ಟೀನಿ.”

ದಾವೆ ಖರ್ಚುಸಹಿತ ವಜಾ ಆಯಿತು. ಬಾವಿಯ ನೀರನ್ನು ಈಗ ಗಾಣದ ಓಣಿ ಸುತ್ತಿ ನಾನೇ ತರುತ್ತೇನೆ.